ಬಾಲಿ: ಚೆಲುವಿನ ದ್ವೀಪದ ನೀರಿನ ಲೆಕ್ಕ

ಪ್ರವಾಸ ಕಂಪನಿಗಳು ಹಂಚುವ ಬಣ್ಣದ ಪುಸ್ತಿಕೆಗಳಲ್ಲಿ ಬಾಲಿ ದ್ವೀಪದ ಎರಡು ಚಿತ್ರಗಳು ತಪ್ಪದೆ ಇರುತ್ತವೆ. ಒಂದು, ತೆಂಗಿನ ಮರಗಳ ಸಾಲಿನಾಚೆ ಕಡಲಿಗಿಳಿಯುವ ಕೆಂಪು ಸೂರ್ಯ. ಇನ್ನೊಂದು, ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ಹಸಿರು ಗದ್ದೆಗಳು. ಮೊದಲನೆಯದು ಪ್ರಕೃತಿ ಪುಕ್ಕಟೆಯಾಗಿ ಕೊಟ್ಟದ್ದು. ಎರಡನೆಯದು ಹಾಗಲ್ಲ. ಸಾವಿರ ವರ್ಷಗಳಿಂದ ರೈತರು ಕಡಿದು, ಬದು ಕಟ್ಟಿ, ನೀರು ಹಂಚಿಕೊಂಡು ಉಳಿಸಿಕೊಂಡು ಬಂದದ್ದು. ಬಾಲಿಗೆ ಹೋಗಿಬಂದವರ ಮಾತಿನಲ್ಲಿ ಮೆಚ್ಚುಗೆ, ಬೇಸರ ಎರಡೂ ಬೆರೆತಿರುತ್ತವೆ. ಅದಕ್ಕೆ ಕಾರಣ ಹುಡುಕುತ್ತ ಹೊರಟರೆ ಈ ಗದ್ದೆಗಳ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

ಇಂಡೊನೇಷ್ಯದ ಹದಿನೇಳು ಸಾವಿರಕ್ಕೂ ಹೆಚ್ಚು ದ್ವೀಪಗಳಲ್ಲಿ ಬಾಲಿ ಒಂದು. ಜಾವಾ ದ್ವೀಪದ ಪೂರ್ವಕ್ಕೆ, ಕಿರಿದಾದ ಜಲಸಂಧಿಯ ಆಚೆಗಿದೆ. ವಿಸ್ತೀರ್ಣ ಸುಮಾರು 5,780 ಚದರ ಕಿಲೋಮೀಟರ್. ನಮ್ಮ ಹಾಸನ ಜಿಲ್ಲೆಗಿಂತಲೂ ಚಿಕ್ಕದು. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 43 ಲಕ್ಷ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ದೇಶದಲ್ಲಿ ಈ ದ್ವೀಪದ ಶೇಕಡ 85ಕ್ಕೂ ಹೆಚ್ಚು ಜನ ಹಿಂದೂಗಳು. ಇಷ್ಟು ಪುಟ್ಟ ನೆಲಕ್ಕೆ 2024ರ ಒಂದೇ ವರ್ಷದಲ್ಲಿ ಬಂದಿಳಿದ ವಿದೇಶಿಯರು ಸುಮಾರು 63 ಲಕ್ಷ. ಇಂಡೊನೇಷ್ಯದ ಬೇರೆ ಭಾಗಗಳಿಂದ ಬಂದವರ ಲೆಕ್ಕ ಬೇರೆ. ಮನೆಯವರಿಗಿಂತ ನೆಂಟರೇ ಹೆಚ್ಚು! ಆ ವರ್ಷ ಬಂದ ವಿದೇಶಿ ನೆಂಟರಲ್ಲಿ ಆಸ್ಟ್ರೇಲಿಯದವರನ್ನು ಬಿಟ್ಟರೆ ಭಾರತೀಯರದೇ ಎರಡನೆಯ ಸ್ಥಾನ. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಆರಂಭವಾದದ್ದೂ 2024ರಲ್ಲೇ.

ಮೊದಲ ನೋಟ

ದ್ವೀಪದ ದಕ್ಷಿಣ ತುದಿಯಲ್ಲಿರುವ ವಿಮಾನ ನಿಲ್ದಾಣಕ್ಕೆ ನ್ಗುರಾ ರಾಯ್ ಎಂಬ ಸ್ವಾತಂತ್ರ್ಯ ಹೋರಾಟಗಾರನ ಹೆಸರು. ಡಚ್ಚರ ವಿರುದ್ಧ ಹೋರಾಡಿ 1946ರಲ್ಲಿ ಮಡಿದವನು ಈತ. ನಿಲ್ದಾಣದಿಂದ ಹೊರಬಿದ್ದರೆ ಕುಟಾ, ಲೆಗಿಯಾನ್, ಸೆಮಿನ್ಯಾಕ್, ಚಂಗು ಎಂದು ಕಡಲತೀರದ ಊರುಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಗುತ್ತವೆ. ಹೋಟೆಲು, ಅಂಗಡಿ, ಮಸಾಜು ಮನೆ, ಹಣ ಬದಲಿಸುವ ಗೂಡು. ನಡುವೆ ಜೇನುಹುಳುಗಳಂತೆ ನುಗ್ಗುವ ಸ್ಕೂಟರುಗಳು. ದ್ವೀಪದಲ್ಲಿ ರೈಲಿಲ್ಲ, ಬಸ್ಸುಗಳೂ ಕಡಮೆ. ನಲವತ್ತು ಕಿಲೋಮೀಟರಿನೊಳಗೇ ಇರುವ ಉಬುದ್ ಊರನ್ನು ಮುಟ್ಟಲು ಗಂಟೆಗಟ್ಟಲೆ ಹಿಡಿಯುವುದುಂಟು. ‘ಇದೇನಾ ಸ್ವರ್ಗ?’ ಎಂದು ಮೊದಲ ದಿನವೇ ಗೊಣಗುವವರು ಕಡಮೆಯಿಲ್ಲ.

ಆದರೆ ಅದೇ ಬೀದಿಯಲ್ಲಿ ತಲೆಯೆತ್ತಿ ನೋಡಿದರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಗಗನಚುಂಬಿ ಕಟ್ಟಡಗಳೇ ಕಾಣುವುದಿಲ್ಲ. 1966ರಲ್ಲಿ ಸನೂರ್ ತೀರದಲ್ಲಿ ಹತ್ತು ಅಂತಸ್ತಿನ ಹೋಟೆಲೊಂದು ತಲೆಯೆತ್ತಿದಾಗ ಬಾಲಿಯ ಜನರಿಗೆ ಅದು ಹಿಡಿಸಲಿಲ್ಲ. ಕಟ್ಟಡಗಳು ತೆಂಗಿನ ಮರದ ಎತ್ತರವನ್ನು, ಅಂದರೆ ಸುಮಾರು 15 ಮೀಟರನ್ನು ಮೀರಬಾರದೆಂಬ ಕಟ್ಟಳೆ ಅನಂತರ ಬಂತು. ಮರವನ್ನೇ ಅಳತೆಗೋಲು ಮಾಡಿಕೊಂಡ ಈ ವಿವೇಕ ಮೆಚ್ಚತಕ್ಕದ್ದು.

ಇನ್ನು ಕಾಲಬುಡದಲ್ಲಿ ನೋಡಿದರೆ ತೆಂಗಿನ ಗರಿಯಿಂದ ಹೆಣೆದ ಅಂಗೈಯಗಲದ ತಟ್ಟೆಗಳು. ಅದರಲ್ಲಿ ನಾಲ್ಕು ಬಣ್ಣದ ಹೂವು, ಚೂರು ಅನ್ನ, ಊದುಬತ್ತಿ. ‘ಚನಂಗ್ ಸಾರಿ’ ಎಂದು ಇದಕ್ಕೆ ಹೆಸರು. ಮನೆಯ ಮುಂದೆ, ಅಂಗಡಿಯ ಹೊಸ್ತಿಲಲ್ಲಿ, ಸ್ಕೂಟರಿನ ಮೇಲೆ ಕೂಡ ದಿನವೂ ಇಡುತ್ತಾರೆ. ಕೋಟಿಗಟ್ಟಲೆ ವಹಿವಾಟಿನ ಬೀದಿಯಲ್ಲಿ ಹೆಂಗಸೊಬ್ಬಳು ಸೊಂಟಕ್ಕೆ ವಸ್ತ್ರ ಸುತ್ತಿ, ಮೂರು ಬೆರಳಿನಿಂದ ಹೊಗೆಯನ್ನು ದೇವರತ್ತ ತೂರಿ, ಯಾರನ್ನೂ ಗಮನಿಸದೆ ಒಳಗೆ ಹೋಗುತ್ತಾಳೆ. ಅದು ಪ್ರವಾಸಿಗರಿಗಾಗಿ ಮಾಡುವ ಪ್ರದರ್ಶನವಲ್ಲ.

ಭಾರತೀಯರಿಗೆ ಇಲ್ಲಿ ಅರ್ಧ ಪರಿಚಿತ, ಅರ್ಧ ಅಪರಿಚಿತ ಎನ್ನಿಸುವ ಸಂಗತಿಗಳು ಅನೇಕ. ರಸ್ತೆಯ ವೃತ್ತಗಳಲ್ಲಿ ಅರ್ಜುನ, ಭೀಮ, ಘಟೋತ್ಕಚರ ಶಿಲ್ಪಗಳು. 210 ದಿನಗಳಿಗೊಮ್ಮೆ ಬರುವ ಸರಸ್ವತಿಯ ಹಬ್ಬದಲ್ಲಿ, ನಮ್ಮ ನವರಾತ್ರಿಯಂತೆಯೇ, ಪುಸ್ತಕಗಳಿಗೆ ಪೂಜೆ. ಮಕ್ಕಳಿಗೆ ಓದಿನಿಂದ ಬಿಡುವು! ಆದರೆ ಗುಡಿಯ ಎತ್ತರದ ಕಲ್ಲಿನ ಪೀಠ ಖಾಲಿಯಾಗಿರುತ್ತದೆ. ಕಾಣದ ದೇವರಿಗೆ ಆಸನವಷ್ಟೆ. ಪೂಜೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೀರ್ಥ. ತಮ್ಮ ಧರ್ಮವನ್ನು ಬಾಲಿಯವರು ‘ಆಗಮ ತೀರ್ಥ’ ಎಂದೂ ಕರೆಯುತ್ತಾರೆ. ನೀರೇ ಇಲ್ಲಿ ಧರ್ಮದ ನಡುಗಂಬ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೀರಿನ ಒಪ್ಪಂದ

ಬಾಲಿಯ ನಡುವೆ ಜ್ವಾಲಾಮುಖಿಗಳ ಸಾಲು ಇದೆ. ಮೂರು ಸಾವಿರ ಮೀಟರಿಗೂ ಎತ್ತರದ ಅಗುಂಗ್ 1963ರಲ್ಲಿ ಸ್ಫೋಟಿಸಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದೇ ಜ್ವಾಲಾಮುಖಿಗಳ ಬೂದಿಯೇ ನೆಲವನ್ನು ಫಲವತ್ತು ಮಾಡಿದ್ದೂ ಹೌದು. ಆದರೆ ನದಿಗಳು ಆಳವಾದ ಕಮರಿಗಳಲ್ಲಿ ಹರಿಯುವುದರಿಂದ ಗದ್ದೆಗೆ ನೀರು ತಾನಾಗಿ ಹತ್ತುವುದಿಲ್ಲ. ಮೇಲುಗಡೆ ಎಲ್ಲೋ ಒಡ್ಡು ಕಟ್ಟಿ, ಬಂಡೆಯಲ್ಲಿ ಸುರಂಗ ಕೊರೆದು, ಕಾಲುವೆಯಲ್ಲಿ ತರಬೇಕು. ಒಬ್ಬನ ಕೈಯಲ್ಲಿ ಆಗುವ ಕೆಲಸ ಇದಲ್ಲ.

ಆದ್ದರಿಂದ ಹುಟ್ಟಿದ್ದು ‘ಸುಬಕ್’. ಒಂದೇ ಮೂಲದಿಂದ ನೀರು ಪಡೆಯುವ ರೈತರೆಲ್ಲರ ಸಂಘ ಅದು. ಹನ್ನೊಂದನೆಯ ಶತಮಾನದ ಶಾಸನಗಳಲ್ಲೇ ಇದರ ಉಲ್ಲೇಖವಿದೆ. ಕಾಲುವೆ ಕವಲೊಡೆಯುವಲ್ಲಿ ಮರದ ದಿಮ್ಮಿಗೆ ಕಚ್ಚು ಕಡಿದು ಅಡ್ಡ ಇಡುತ್ತಾರೆ. ಯಾರ ಗದ್ದೆ ಎಷ್ಟೋ ಕಚ್ಚಿನ ಅಗಲ ಅಷ್ಟು. ನೀರು ತಾನಾಗಿ ಪಾಲಾಗುತ್ತದೆ. ಮುಖಂಡನಿಗೆ ‘ಪೆಕಾಸೆ’ ಎಂದು ಹೆಸರು. ನಮ್ಮ ಕೆರೆ ಬಯಲಿನ ನೀರುಗಂಟಿಯ ಕೆಲಸವನ್ನು ನೆನಪಿಸುವ ಹೊಣೆ ಅವನದು. ಆದರೆ ಅವನು ರೈತರ ಸಭೆಯ ತೀರ್ಮಾನಕ್ಕೆ ಬದ್ಧ. ಜಾತಿ ಯಾವುದಿರಲಿ, ಜಮೀನು ಎಷ್ಟಿರಲಿ, ಸಭೆಯಲ್ಲಿ ಎಲ್ಲರದೂ ಸಮನಾದ ಮಾತು. ಕಾಲುವೆಯ ಹೂಳೆತ್ತಲು ಬಾರದವನಿಗೆ ದಂಡ. ಇಂಥ ಸುಮಾರು 1,200 ಸುಬಕ್‌ಗಳು ದ್ವೀಪದಲ್ಲಿವೆ. ಪ್ರತಿ ಸುಬಕ್‌ಗೂ ಗುಡಿಯುಂಟು. ಎಲ್ಲಕ್ಕೂ ಮೇಲೆ, ಬಾತೂರ್ ಸರೋವರದ ದೇವತೆ ದೇವಿ ದಾನುವಿನ ಗುಡಿ.

ಈ ಏರ್ಪಾಟಿನಲ್ಲಿ ಬರೀ ಭಕ್ತಿಯಲ್ಲ, ವಿಜ್ಞಾನವೂ ಇದೆ ಎಂಬುದು ಬೆಳಕಿಗೆ ಬಂದದ್ದು ಒಂದು ಸಂಕಟದ ಕಾಲದಲ್ಲಿ. 1970ರ ದಶಕದಲ್ಲಿ ‘ಹಸಿರು ಕ್ರಾಂತಿ’ ಬಾಲಿಗೂ ಬಂತು. ಗುಡಿಯ ಪಂಚಾಂಗ ನೋಡಬೇಡಿ, ಹೊಸ ತಳಿ ಹಾಕಿ, ಬಿಡುವಿಲ್ಲದೆ ಬೆಳೆಯಿರಿ ಎಂದು ಅಧಿಕಾರಿಗಳು ಹೇಳಿದರು. ಮೊದಮೊದಲು ಇಳುವರಿ ಏರಿತು. ಆಮೇಲೆ ಕಂದು ಜಿಗಿಹುಳು, ರೋಗಗಳು ಮುತ್ತಿದವು. ಔಷಧ ಹೊಡೆದಷ್ಟೂ ಹುಳು ಹೆಚ್ಚಿತು.

ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದರ ಮರ್ಮವನ್ನು ಬಿಡಿಸಿ ತೋರಿಸಿದರು. ಗುಡಿಯ ಪಂಚಾಂಗದಂತೆ ಒಂದು ಬಯಲಿನವರೆಲ್ಲ ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆಯನ್ನು ಬಿಡುವು ಬಿಡುತ್ತಿದ್ದರು. ಆಗ ಹುಳುಗಳಿಗೆ ತಿನ್ನಲು ಏನೂ ಸಿಗದೆ ಅವು ಸಾಯುತ್ತಿದ್ದವು. ಮೇಲಿನ ಗದ್ದೆಯವನು ಕೆಳಗಿನವನಿಗೆ ನೀರು ಬಿಡುವುದು ಬರೀ ದಯೆಯಿಂದಲ್ಲ. ನೀರು ಸಿಗದ ಕೆಳಗಿನವನು ಬೇರೆ ಹೊತ್ತಿನಲ್ಲಿ ನಾಟಿ ಮಾಡಿದರೆ ಅಲ್ಲಿ ಬದುಕುಳಿದ ಹುಳು ಮೇಲಕ್ಕೂ ಬರುತ್ತದೆ. ಒಬ್ಬನಿಗೆ ನೀರು ಬೇಕು, ಇನ್ನೊಬ್ಬನಿಗೆ ಹುಳುವಿನಿಂದ ರಕ್ಷಣೆ ಬೇಕು, ಆದ್ದರಿಂದಲೇ ಒಪ್ಪಂದ. ಲ್ಯಾನ್ಸಿಂಗ್ ಮತ್ತು ಅವರ ಸಂಗಡಿಗರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗಲೂ ಗುಡಿಗಳ ಪದ್ಧತಿಯೇ ಲೇಸೆಂದು ತಿಳಿಯಿತು. 2012ರಲ್ಲಿ ಯುನೆಸ್ಕೊ ಈ ಸುಬಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನೋಟಕ್ಕೆ ಬೆಲೆ, ನೀರಿಗೆ?

ಇದನ್ನು ತಿಳಿದುಕೊಂಡು ಉಬುದ್ ಬಳಿಯ ತೆಗಲಲಾಂಗ್‌ಗೆ ಹೋದರೆ ಕಾಣುವುದೇ ಬೇರೆ. ಕಣಿವೆಯ ಒಂದು ಮಗ್ಗುಲಲ್ಲಿ ಗದ್ದೆಯ ಮೆಟ್ಟಿಲುಗಳು. ಅದರ ಎದುರಿಗೆ ಸಾಲು ಸಾಲು ಹೋಟೆಲುಗಳು. ತೆಂಗಿನ ಮರಗಳಿಗೆ ಉದ್ದದ ಉಯ್ಯಾಲೆ ಕಟ್ಟಿದ್ದಾರೆ. ಜರತಾರಿಯಂತೆ ಹಾರಾಡುವ ಉದ್ದ ಲಂಗ ತೊಟ್ಟು, ಉಯ್ಯಾಲೆ ಜೀಕಿ, ಫೋಟೊ ತೆಗೆಸಿಕೊಳ್ಳಲು ಶುಲ್ಕ. ಬದುಗಳ ಮೇಲೆ ನಡೆದು ಹೋದರೆ ಅಲ್ಲಲ್ಲಿ ಕಾಣಿಕೆ ಡಬ್ಬಿ ಹಿಡಿದು ಕುಳಿತವರು ಸಿಗುತ್ತಾರೆ. ‘ಹೆಜ್ಜೆಹೆಜ್ಜೆಗೂ ಹಣ ಕೀಳುತ್ತಾರೆ’ ಎಂದು ಪ್ರವಾಸಿಗರು ಸಿಡುಕುವುದು ಇಲ್ಲಿಯೇ. ಆದರೆ ಗದ್ದೆ ನೋಡಲೆಂದೇ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದವರ ಹಣದಲ್ಲಿ ಗದ್ದೆಯವನಿಗೆ ಪಾಲೇನೂ ಇಲ್ಲ. ಡಬ್ಬಿಗೆ ಬೀಳುವ ನೋಟೇ ಅವನಿಗೆ ದಕ್ಕುವುದು. ಹೀಗೆ ನೋಡಿದಾಗ ಆ ಡಬ್ಬಿ ಅಷ್ಟೊಂದು ಕಿರಿಕಿರಿ ಎನ್ನಿಸುವುದಿಲ್ಲ.

ಪ್ರವಾಸೋದ್ಯಮವನ್ನು ಬೇಸಾಯದಿಂದ ದೂರ ಇಡುವ ಯೋಚನೆ ಮೊದಲಿಗೆ ಇರಲಿಲ್ಲವೆಂದಲ್ಲ. 1970ರ ದಶಕದಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ನಡೆದ ಯೋಜನೆಯಲ್ಲಿ ದೊಡ್ಡ ಹೋಟೆಲುಗಳಿಗೆಂದು ಆರಿಸಿದ್ದು ದಕ್ಷಿಣ ತುದಿಯ ನುಸಾ ದುವಾ ಎಂಬ ಒಣನೆಲ. ಭತ್ತ ಬೆಳೆಯದ ಜಾಗದಲ್ಲಿ ನೆಂಟರು ಇರಲಿ, ಊರು ತನ್ನ ಪಾಡಿಗೆ ತಾನಿರಲಿ ಎಂಬ ಲೆಕ್ಕ. ಆದರೆ ನೆಂಟರು ಜಗಲಿಯಲ್ಲೇ ಕೂರಲಿಲ್ಲ. ಕುಟಾ ತುಂಬಿತು, ಸೆಮಿನ್ಯಾಕ್ ತುಂಬಿತು, ಈಗ ಚಂಗುವಿನ ಗದ್ದೆಗಳಲ್ಲಿ ‘ಗದ್ದೆಯ ನೋಟವುಳ್ಳ ವಿಲ್ಲಾ’ಗಳು ಎದ್ದಿವೆ. ಪಕ್ಕದ ಗದ್ದೆಯಲ್ಲೂ ವಿಲ್ಲಾ ಎದ್ದ ಮೇಲೆ ಮೊದಲನೆಯದಕ್ಕೆ ನೋಟವೂ ಉಳಿಯುವುದಿಲ್ಲ!

ವರ್ಷಕ್ಕೆ ಸುಮಾರು ಸಾವಿರ ಹೆಕ್ಟೇರ್ ಗದ್ದೆ ಹೀಗೆ ಕಟ್ಟಡವಾಗುತ್ತಿದೆ ಎಂಬ ಅಂದಾಜು ಮತ್ತೆ ಮತ್ತೆ ಕೇಳಿಬಂದಿದೆ. ವಿದೇಶಿಯರು ಇಲ್ಲಿ ನೆಲ ಕೊಳ್ಳುವಂತಿಲ್ಲ. ದೀರ್ಘಾವಧಿ ಗುತ್ತಿಗೆಗೆ ಪಡೆಯುತ್ತಾರೆ. ಸುತ್ತ ನೆಲದ ಬೆಲೆ ಏರಿದಾಗ ಭೂ ತೆರಿಗೆಯೂ ಏರುತ್ತದೆ. ಭತ್ತ ಮಾರಿ ಆ ತೆರಿಗೆ ಕಟ್ಟುವುದು ಕಷ್ಟ. ಒಬ್ಬ ರೈತ ಗದ್ದೆಯನ್ನು ಗುತ್ತಿಗೆಗೆ ಕೊಟ್ಟರೆ ಅವನ ಗದ್ದೆಯ ಮೂಲಕ ಹಾಯುತ್ತಿದ್ದ ಕಾಲುವೆಗೂ ಕಂಟಕ. ಕೆಳಗಿನವನು ಬೇಡವೆಂದರೂ ಮಾರಬೇಕಾದ ಸ್ಥಿತಿ ಬರುತ್ತದೆ. ಒಟ್ಟಿಗೆ ನಾಟಿ, ಒಟ್ಟಿಗೆ ಕೊಯ್ಲು ಎಂಬ ಒಪ್ಪಂದದಲ್ಲಿ ಒಂದು ಕೊಂಡಿ ಕಳಚಿದರೆ ಉಳಿದವೂ ಸಡಿಲವಾಗುತ್ತವೆ.

ನೀರಿನ ಕಥೆಯೂ ಇದೇ. ದ್ವೀಪದಲ್ಲಿ ಬಳಕೆಯಾಗುವ ನೀರಿನ ಅರ್ಧಕ್ಕಿಂತ ಹೆಚ್ಚು ಪ್ರವಾಸೋದ್ಯಮಕ್ಕೇ ಹೋಗುತ್ತದೆ ಎಂದು ಅಧ್ಯಯನಗಳು ಅಂದಾಜು ಮಾಡಿವೆ. ಈಜುಕೊಳ, ಹುಲ್ಲುಹಾಸು, ದಿನಕ್ಕೊಮ್ಮೆ ಒಗೆಯುವ ಹಾಸಿಗೆ ಬಟ್ಟೆ, ಎಲ್ಲಕ್ಕೂ ನೀರು ಬೇಕು. ದಕ್ಷಿಣದ ಕಡೆ ಅಂತರ್ಜಲ ಕುಸಿದು, ಬಾವಿಗಳಿಗೆ ಕಡಲಿನ ಉಪ್ಪು ಸೇರುತ್ತಿದೆ. ಜೋರು ಮಳೆ ಬಂದಾಗ ಇದಕ್ಕೆ ತದ್ವಿರುದ್ಧ. 2025ರ ಸೆಪ್ಟೆಂಬರ್‌ನಲ್ಲಿ ಸುರಿದ ಮಳೆಗೆ ಡೆನ್‌ಪಸಾರ್ ನಗರ ಮತ್ತು ಸುತ್ತಲಿನ ಊರುಗಳಲ್ಲಿ ಪ್ರವಾಹ ಬಂದು ಹತ್ತಾರು ಜೀವಗಳು ಹೋದವು. ಮಳೆನೀರನ್ನು ಹಿಡಿದಿಡುತ್ತಿದ್ದ ಗದ್ದೆಗಳು ಕಟ್ಟಡಗಳಾದದ್ದೂ ಒಂದು ಕಾರಣವೆಂಬ ಮಾತು ಆಗ ಎದ್ದಿತು. ಗದ್ದೆಗಳಲ್ಲಿ ಹೊಸ ಹೋಟೆಲು ಕಟ್ಟಲು ಬಿಡುವುದಿಲ್ಲವೆಂದು ಗವರ್ನರ್ ಸಾರಿದ್ದು ಅದಾದ ಮೇಲೆ.

ಕಸದ ಸಮಸ್ಯೆ ಇನ್ನೊಂದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಶ್ಚಿಮದ ಗಾಳಿ ಬೀಸುವಾಗ ಕುಟಾ ತೀರಕ್ಕೆ ಪ್ಲಾಸ್ಟಿಕ್ ರಾಶಿ ರಾಶಿಯಾಗಿ ಬಂದು ಬೀಳುತ್ತದೆ. ಇಲ್ಲಿ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಯೊಂದಿದೆ. 2013ರಲ್ಲಿ ಮೆಲಾತಿ ಮತ್ತು ಇಸಾಬೆಲ್ ವೈಸನ್ ಎಂಬ ಅಕ್ಕತಂಗಿಯರು ಪ್ಲಾಸ್ಟಿಕ್ ಚೀಲಗಳ ವಿರುದ್ಧ ಚಳವಳಿ ಆರಂಭಿಸಿದರು. ಆಗ ಅಕ್ಕನಿಗೆ ಹನ್ನೆರಡು, ತಂಗಿಗೆ ಹತ್ತು ವರ್ಷ. ಸಹಿ ಸಂಗ್ರಹಿಸಿ, ತೀರ ಗುಡಿಸಿ, ಅಧಿಕಾರಿಗಳ ಬೆನ್ನುಹತ್ತಿದರು. 2019ರಲ್ಲಿ ಪ್ಲಾಸ್ಟಿಕ್ ಚೀಲ, ಸ್ಟ್ರಾಗಳಿಗೆ ಬಾಲಿಯಲ್ಲಿ ನಿಷೇಧ ಬಂತು. ಕಸವೇನೂ ಮಾಯವಾಗಿಲ್ಲ. ಆದರೆ ಶಾಲೆಯ ಮಕ್ಕಳ ಮಾತು ಕಾನೂನಿನ ತನಕ ಹೋಯಿತೆಂಬುದು ಸಣ್ಣ ಸಂಗತಿಯಲ್ಲ.

ದೂರುವುದು ಸುಲಭ

ಇಷ್ಟಾದರೂ ಪ್ರವಾಸೋದ್ಯಮವೇ ಬಾಲಿಯ ಶತ್ರು ಎಂದು ತೀರ್ಪು ಕೊಟ್ಟುಬಿಡುವುದು ಅವಸರವಾದೀತು. ಭತ್ತದ ಗದ್ದೆ ಚೆಂದ, ನಿಜ; ಆದರೆ ಅದರಲ್ಲಿ ಬೆನ್ನು ಬಗ್ಗಿಸಿ ದುಡಿದವನಿಗೆ ಗೊತ್ತು ಅದರ ಕಷ್ಟ. ಚಿಕ್ಕ ಹಿಡುವಳಿಯ ರೈತ ತನ್ನ ಮಗ ಹೋಟೆಲ್ ವಿದ್ಯೆ ಕಲಿತು ಸಂಬಳ ತರಲಿ ಎಂದು ಬಯಸುವುದು ಸಹಜ. ಪ್ರವಾಸೋದ್ಯಮ ತರಬೇತಿಯ ಶಾಲೆಗಳು ಇಲ್ಲಿ ಬಹಳ. ಅಲ್ಲಿ ಕಲಿತು ವಿಹಾರ ಹಡಗುಗಳಲ್ಲಿ ಕೆಲಸಕ್ಕೆ ಹೋಗಿ, ಮನೆ ಕಟ್ಟಿಸಿ, ತಂಗಿ ತಮ್ಮಂದಿರನ್ನು ಓದಿಸಿದವರೂ ಅನೇಕರು. ಮಲೆನಾಡಿನಿಂದ ಬೆಂಗಳೂರಿಗೆ ಮಕ್ಕಳನ್ನು ಕಳಿಸಿದ ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಲೆಯ ಮಾತೂ ಹಾಗೆಯೇ. ನೂರಾರು ಗಂಡಸರು ವೃತ್ತವಾಗಿ ಕುಳಿತು ‘ಚಕ್ ಚಕ್’ ಎಂದು ದನಿ ಎಬ್ಬಿಸುತ್ತ ರಾಮಾಯಣ ಆಡುವ ‘ಕೆಚಕ್’ ಕುಣಿತವನ್ನು ಬಲು ಪ್ರಾಚೀನವೆಂದೇ ನೋಡುಗರು ನಂಬುತ್ತಾರೆ. ಆದರೆ ಅದರ ಈಗಿನ ರೂಪ ಹುಟ್ಟಿದ್ದು 1930ರ ದಶಕದಲ್ಲಿ. ದೈವಾವೇಶದ ಹಳೆಯ ಆಚರಣೆಯೊಂದರ ಗುಂಪುದನಿಗೆ ರಾಮಾಯಣದ ಕಥೆ ಜೋಡಿಸಿ ಬೆಳೆಸಿದವರು ಬಾಲಿಯ ನರ್ತಕ ವಾಯನ್ ಲಿಂಬಕ್ ಮತ್ತು ಉಬುದ್‌ನಲ್ಲಿ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್. ಪ್ರವಾಸಿಗರಿಗಾಗಿ ರೂಪ ತಾಳಿದ್ದು ಸುಳ್ಳು ಎನ್ನಲಾದೀತೆ? ಅದನ್ನು ಆಡುತ್ತ ಮೂರು ತಲೆಮಾರುಗಳು ಬೆಳೆದಿವೆ. ಹಳ್ಳಿಯ ಗುಡಿಯ ಖರ್ಚಿಗೆ ಅದರ ಟಿಕೆಟಿನ ಹಣವೂ ಆಸರೆಯಾಗಿದೆ.

ನಿಜವಾದ ಅಪಾಯ ಇರುವುದು ಒಂದನ್ನೇ ನೆಚ್ಚಿಕೊಳ್ಳುವುದರಲ್ಲಿ. 2002ರ ಅಕ್ಟೋಬರ್ 12ರ ರಾತ್ರಿ ಕುಟಾದಲ್ಲಿ ಭಯೋತ್ಪಾದಕರ ಬಾಂಬಿಗೆ 202 ಜನ ಬಲಿಯಾದರು. ಲೆಗಿಯಾನ್ ಬೀದಿಯ ಸ್ಮಾರಕದಲ್ಲಿ ಅವರೆಲ್ಲರ ಹೆಸರುಗಳಿವೆ. ಅನಂತರ ತಿಂಗಳುಗಟ್ಟಲೆ ಹೋಟೆಲುಗಳು ಭಣಗುಟ್ಟಿದವು. ಅದಕ್ಕಿಂತ ದೊಡ್ಡ ಪೆಟ್ಟು ಕೊರೊನಾ ಕಾಲದ್ದು. 2019ರಲ್ಲಿ 62 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದಿದ್ದ ದ್ವೀಪಕ್ಕೆ 2021ರ ಇಡೀ ವರ್ಷದಲ್ಲಿ ಬಂದವರ ಅಧಿಕೃತ ಲೆಕ್ಕ ನೂರನ್ನೂ ಮುಟ್ಟಲಿಲ್ಲ. ಲಕ್ಷವಲ್ಲ, ಬರಿಯ ನೂರು! 2020ರಲ್ಲೇ ದ್ವೀಪದ ಆರ್ಥಿಕತೆ ಶೇಕಡ 9ಕ್ಕೂ ಹೆಚ್ಚು ಕುಗ್ಗಿತ್ತು. ಕೆಲಸ ಕಳೆದುಕೊಂಡ ಹೋಟೆಲ್ ನೌಕರರು, ಕಾರು ಚಾಲಕರು ಊರಿಗೆ ಮರಳಿದರು. ಕೆಲವರು ಮತ್ತೆ ಗದ್ದೆಗಿಳಿದರು. ಪಕ್ಕದ ನುಸಾ ಲೆಂಬೊಂಗಾನ್ ದ್ವೀಪದವರು ತಾವು ಕೈಬಿಟ್ಟಿದ್ದ ಕಡಲಪಾಚಿ ಕೃಷಿಯನ್ನು ಮತ್ತೆ ಹಿಡಿದರು. ಹಿಂದಿರುಗಲು ಗದ್ದೆ ಉಳಿದಿದ್ದವರಿಗೆ ತುತ್ತಿಗೆ ಕಷ್ಟವಾಗಲಿಲ್ಲ. ಗದ್ದೆಯನ್ನು ಗುತ್ತಿಗೆಗೆ ಕೊಟ್ಟಿದ್ದವರ ಪಾಡು ಬೇರೆಯೇ ಆಯಿತು.

ಬೀಗ ಹಾಕುವ ಒಂದು ದಿನ

ಇಷ್ಟೊಂದು ನೆಂಟರ ಹಂಗಿನಲ್ಲಿರುವ ದ್ವೀಪ ವರ್ಷಕ್ಕೊಂದು ದಿನ ಬಾಗಿಲು ಹಾಕಿಕೊಳ್ಳುತ್ತದೆ ಎಂದರೆ ಆಶ್ಚರ್ಯವಾಗಬಹುದು. ಬಾಲಿಯ ಶಕವರ್ಷದ ಮೊದಲ ದಿನ ‘ನ್ಯೆಪಿ’. ನಾವು ಯುಗಾದಿಗೆ ಹಿಡಿಯುವುದೂ ಇದೇ ಶಕ. ಕೆಲವು ವರ್ಷ ಎರಡೂ ಒಂದೇ ದಿನ ಬರುವುದುಂಟು. 2023ರಲ್ಲಿ ಮಾರ್ಚ್ 22ರಂದೇ ಎರಡೂ ಹಬ್ಬ. ನಮ್ಮಲ್ಲಿ ಹೋಳಿಗೆಯ ಸಂಭ್ರಮವಾದರೆ ಅಲ್ಲಿ ಸಂಪೂರ್ಣ ಮೌನ. ದೀಪ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಹೊರಗೆ ಹೆಜ್ಜೆ ಇಡುವಂತಿಲ್ಲ. ವಿಮಾನ ನಿಲ್ದಾಣ ಇಪ್ಪತ್ನಾಲ್ಕು ಗಂಟೆ ಬಂದ್. 2018ರಿಂದ ಮೊಬೈಲ್ ಅಂತರ್ಜಾಲಕ್ಕೂ ಅಂದು ರಜೆ. ಎಷ್ಟೇ ದುಡ್ಡು ಕೊಟ್ಟ ಪ್ರವಾಸಿಯಾದರೂ ಹೋಟೆಲಿನ ಆವರಣ ದಾಟುವ ಹಾಗಿಲ್ಲ. ‘ಪೆಚಲಾಂಗ್’ ಎಂಬ ಊರ ಕಾವಲುಗಾರರು ನಯವಾಗಿ ಒಳಗೆ ಕಳಿಸುತ್ತಾರೆ.

ಒಂದು ದಿನದ ಆದಾಯವನ್ನು ಬಿಟ್ಟುಕೊಟ್ಟು ತನ್ನ ಕಟ್ಟಳೆಯನ್ನು ಉಳಿಸಿಕೊಂಡ ಜನಕ್ಕೆ, ಗದ್ದೆ ಮತ್ತು ನೀರಿನ ವಿಷಯದಲ್ಲೂ ‘ಇಷ್ಟು ಸಾಕು’ ಎನ್ನುವ ಶಕ್ತಿ ಇದೆ ಎಂದು ನಂಬಬಹುದು. ತೆಂಗಿನ ಮರದ ಎತ್ತರವನ್ನು ಮಿತಿಯಾಗಿಟ್ಟವರು ಅವರೇ ಅಲ್ಲವೆ? 2024ರ ಫೆಬ್ರವರಿಯಿಂದ ಪ್ರತಿ ವಿದೇಶಿ ಪ್ರವಾಸಿಯಿಂದ 1,50,000 ರುಪಿಯಾ, ಅಂದರೆ ಸುಮಾರು ಎಂಟುನೂರು ರೂಪಾಯಿಯ ಆಸುಪಾಸು ಶುಲ್ಕ ವಸೂಲಿ ಆರಂಭವಾಗಿದೆ. ಸಂಸ್ಕೃತಿ, ಪರಿಸರದ ರಕ್ಷಣೆಗೆಂದು ಹೇಳಿ ಪಡೆಯುವ ಹಣ ಅದು. ಅದು ಸುಬಕ್‌ನ ಕಾಲುವೆಯ ತನಕ ಹರಿದರೆ ಸಾರ್ಥಕ.

ರಜೆಯಲ್ಲಿ ಮಕ್ಕಳೊಂದಿಗೆ ಹೋಗುವವರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಒಣಹವೆಯ ತಿಂಗಳುಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕಡಲತೀರದಲ್ಲೇ ಎಲ್ಲ ದಿನಗಳನ್ನೂ ಕಳೆಯದೆ ಪಶ್ಚಿಮದ ತಬನಾನ್ ಕಡೆಗೂ ಹೋಗಬೇಕು. ಅಲ್ಲಿ 1981ರಲ್ಲಿ ಸ್ಥಾಪನೆಯಾದ ಸುಬಕ್ ವಸ್ತುಸಂಗ್ರಹಾಲಯವಿದೆ. ಕಚ್ಚು ಕಡಿದ ದಿಮ್ಮಿ ನೀರನ್ನು ಹೇಗೆ ಪಾಲು ಮಾಡುತ್ತದೆಂದು ಮಕ್ಕಳು ಅಲ್ಲಿ ತಿಳಿಯಬಹುದು. ಅಲ್ಲಿಂದ ಮುಂದೆ ಬಾತುಕಾರು ಬೆಟ್ಟದ ಮಗ್ಗುಲಿನ ಜತಿಲುವಿಹ್‌ನಲ್ಲಿ ಕಣ್ಣು ಹಾಯುವಷ್ಟೂ ಗದ್ದೆಗಳ ಮೆಟ್ಟಿಲು. ಊರಿನವರೇ ಬೆಳೆದ ಕೆಂಪಕ್ಕಿಯ ಅನ್ನ ಉಂಡು, ಬದುವಿನ ಮೇಲೆ ನಡೆಯುತ್ತ ಕಾಲುವೆಯ ಸದ್ದು ಕೇಳಬಹುದು. ದಾರಿಯಲ್ಲಿ ಯಾರಾದರೂ ಕಾಣಿಕೆ ಡಬ್ಬಿ ಮುಂದೆ ಹಿಡಿದರೆ ಮುಖ ಸಿಂಡರಿಸುವ ಮೊದಲು ಒಂದು ಕ್ಷಣ ಯೋಚಿಸಬೇಕು. ಅಷ್ಟು ದೂರದಿಂದ ನೋಡಲು ಬಂದದ್ದು ಅವರ ಗದ್ದೆಯನ್ನೇ.